ಮಕ್ಕಳಿಗಾಗಿ ಓಡೋಣ, ಮಕ್ಕಳನ್ನು ವೇದಿಕೆ ಹತ್ತಿಸೋದು ಬೇಡ

ಮಾನ್ಯ ಸಂಪಾದಕರೇ,

ತೊಂದರೆಯಲ್ಲಿರುವ ಮಕ್ಕಳಿಗೆ ನೆರವಾಗಲೆಂದು ನಮ್ಮ ದಾವಣಗೆರೆಯಲ್ಲಿ ಇತ್ತೀಚೆಗೆ ಒಂದು ಓಟ ನಡೆಯಿತು. ಐದು ಕಿಲೋಮೀಟರ್, ಹತ್ತು ಕಿಲೋಮೀಟರ್ ಎರಡೂ ಇದ್ದವು. ಶುಲ್ಕ ಕಟ್ಟಿದವರಿಗೆ ಟೀ ಶರ್ಟ್, ಎದೆಗೆ ಸಿಕ್ಕಿಸಿಕೊಳ್ಳಲು ನಂಬರ್ ಚೀಟಿ, ಓಟ ಮುಗಿಸಿದವರಿಗೆ ಮೆಡಲ್, ಆಮೇಲೆ ತಿಂಡಿ. ಖರ್ಚು ಕಳೆದು ಉಳಿದ ಹಣ ಮಕ್ಕಳ ಸಂಸ್ಥೆಯೊಂದಕ್ಕೆ. ನಾನು ನೀರು ಕೊಡುವ ಮೇಜಿನ ಹತ್ತಿರ ನಿಂತಿದ್ದವಳು. ಓಟ ಚೆನ್ನಾಗಿತ್ತು, ಮುಂದಿನ ವರ್ಷವೂ ನಡೆಯಬೇಕು. ಆದರೆ ಓಟ ಮುಗಿದ ಮೇಲೆ ವೇದಿಕೆಯಲ್ಲಿ ನಡೆದದ್ದು ಮತ್ತೆ ನಡೆಯಬಾರದು. ಅದನ್ನು ಹೇಳೋಕೇ ಈ ಪತ್ರ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಕುಂದವಾಡ ಕೆರೆ ಏರಿಯ ಮೇಲೆ ದಿನಾ ವಾಕಿಂಗ್ ಮಾಡುವ ಹಿರಿಯರು, ಮೆಡಿಕಲ್ ಓದುವ ಹುಡುಗ ಹುಡುಗಿಯರು, ಪೊಲೀಸರು, ಸೀರೆ ಸೊಂಟಕ್ಕೆ ಸಿಕ್ಕಿಸಿ ಶೂ ಹಾಕಿಕೊಂಡು ಬಂದ ಗೃಹಿಣಿಯರು, ಎಲ್ಲ ಒಂದೇ ಗುಂಪಿನಲ್ಲಿ. ಬೇರೆ ಯಾವ ಸಭೆಗೂ ಇಷ್ಟು ಬಗೆಯ ಜನ ಬೆಳಗಿನ ಆರು ಗಂಟೆಗೆ ಎದ್ದು ಬರಲ್ಲ. ಒಬ್ಬ ಹಿರಿಯರು ನನ್ನ ಮೇಜಿನ ಹತ್ತಿರ ನಿಂತು ಗಟಗಟ ನೀರು ಕುಡಿದು, "ಬೆಣ್ಣೆ ದೋಸೆ ತಿಂದ ಪಾಪ ಇವತ್ತಿಗೆ ಕರಗ್ತು ನೋಡ್ರಿ ಅಮ್ಮಾ" ಅಂದು ಮುಂದೆ ಹೋದರು. ವಾಪಸ್ ಹೋಗುವಾಗ ದೋಸೆ ಹೋಟೆಲಿನ ಮುಂದೆ ಅವರನ್ನೇ ಕಂಡೆ, ಅದು ಬೇರೆ ವಿಷಯ.

ಆಮೇಲೆ ಬಹುಮಾನ ವಿತರಣೆ ಶುರುವಾಯಿತು. ನಿರೂಪಕರು ಮೈಕ್ ಹಿಡಿದು, "ಈಗ ನಮ್ಮ ಫಲಾನುಭವಿಗಳು ವೇದಿಕೆಗೆ ಬರಬೇಕು" ಎಂದರು. ವ್ಯಾನಿನಲ್ಲಿ ಕರೆತಂದಿದ್ದ ಮಕ್ಕಳು ಸಾಲಾಗಿ ಹತ್ತಿದರು. ಮೈಮೇಲೆ ದೊಡ್ಡವರ ಅಳತೆಯ ಟೀ ಶರ್ಟು, ಮೊಣಕಾಲು ಮುಟ್ಟುತ್ತಿತ್ತು. ಬಾಗಿಲಿನಷ್ಟು ಉದ್ದದ ಥರ್ಮಾಕೋಲ್ ಚೆಕ್ಕು ಬಂತು. ಅದರ ಒಂದು ತುದಿ ಹಿಡಿಯಲು ಎಂಟೊಂಬತ್ತು ವರ್ಷದ ಹುಡುಗನೊಬ್ಬನನ್ನು ಮುಂದೆ ನಿಲ್ಲಿಸಿದರು. ಅವನ ಹೆಸರು ಹೇಳಿದರು. ಊರು ಹೇಳಿದರು. ಅಪ್ಪ ಏನಾದ, ಅಮ್ಮ ಯಾಕೆ ಬಿಟ್ಟುಹೋದಳು ಅನ್ನೋದನ್ನೂ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಹುಡುಗ ಮೆಲ್ಲಗೆ ಚೆಕ್ಕನ್ನು ಮೇಲೆತ್ತಿ ಅದರ ಹಿಂದೆ ಮುಖ ಇಟ್ಟುಕೊಂಡ. ಫೋಟೊ ತೆಗೆಯುವವರು ಕೆಳಗಿನಿಂದ ಕೂಗಿದರು: "ಏಯ್ ಪುಟ್ಟಾ, ಚೆಕ್ ಕೆಳಗಿಳಿಸು. ಮುಖ ಕಾಣ್ತಿಲ್ಲ."

ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ತಿಂಗಳುಗಟ್ಟಲೆ ಓಡಾಡಿ ಓಟ ನಡೆಸಿದವರು ಅವರು. ಆದರೆ ನಾನು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಆ ಹುಡುಗ ಸೋಮವಾರ ಶಾಲೆಗೆ ಹೋಗಬೇಕಲ್ವಾ? ಅಲ್ಲಿ ಅವನ ಜೊತೆ ಕೂರುವ ಹುಡುಗರ ಅಪ್ಪಂದಿರ ಮೊಬೈಲಿಗೆ ಅಷ್ಟರಲ್ಲಿ ವಿಡಿಯೊ ಬಂದಿರುತ್ತದೆ. ಆಟದ ಬಯಲಲ್ಲಿ ಜಗಳವಾದಾಗ ಮಕ್ಕಳು ಬೈಯೋದಕ್ಕೆ ಮೊದಲು ಎತ್ತಿಕೊಳ್ಳೋದು ಇಂಥ ಮಾತನ್ನೇ. ಅದನ್ನು ಬಿಡಿಸಿ ಬಿಡಿಸಿ ಸಾಕಾದ ಟೀಚರುಗಳು ಈ ಊರಲ್ಲಿ ಬೇಕಾದಷ್ಟು ಜನ ಇದ್ದೇವೆ.

ಕಾನೂನಿಗೂ ಇದು ಗೊತ್ತಿದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನೋಡಿ. ಪಾಲನೆ, ರಕ್ಷಣೆ ಬೇಕಿರುವ ಮಗುವಿನ ವಿಚಾರಣೆ, ತನಿಖೆಯ ವಿಷಯ ಹೇಳುವಾಗ ಅದರ ಹೆಸರು, ವಿಳಾಸ, ಶಾಲೆ, ಗುರುತು ಸಿಗುವಂಥ ಬೇರೆ ಯಾವ ವಿವರವನ್ನೂ ಪತ್ರಿಕೆಯಲ್ಲಾಗಲಿ, ಟಿ.ವಿ.ಯಲ್ಲಾಗಲಿ, ಬೇರೆ ಯಾವ ಮಾಧ್ಯಮದಲ್ಲಾಗಲಿ ಕೊಡುವಂತಿಲ್ಲ. ಫೋಟೊ ಹಾಕುವಂತಿಲ್ಲ. ಮೀರಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಓಟದ ವೇದಿಕೆ ಪತ್ರಿಕೆ ಅಲ್ಲವಲ್ಲ ಅಂತ ಯಾರಾದರೂ ವಾದ ಮಾಡಬಹುದು. ಇಂಥ ಮಕ್ಕಳ ಬಗ್ಗೆ ತೀರ್ಮಾನ ಮಾಡುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ, ಬಾಗಿಲು ಹಾಕಿದ ಕೋಣೆಯಲ್ಲಿ ಹೇಳಬೇಕಾದ ಕಥೆ ಮೈಕಿನಲ್ಲಿ ಕೇಳಿಸಿ ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತಿದ ಮೇಲೆ ಆ ವಾದದಿಂದ ಮಗುವಿಗೇನು ಬಂತು?

"ಮಕ್ಕಳನ್ನು ತೋರಿಸದಿದ್ದರೆ ಯಾರು ದುಡ್ಡು ಕೊಡ್ತಾರೆ ಮೇಡಂ?" ಎಂದು ಅಲ್ಲೇ ಒಬ್ಬರು ಕೇಳಿದರು. ಸ್ವಲ್ಪ ಯೋಚನೆ ಮಾಡಿ. ಓಡಿದವರು ಶುಲ್ಕ ಕಟ್ಟಿದ್ದು ಓಟಕ್ಕೆ ಮುಂಚೆ. ಬ್ಯಾಂಕಿನವರು, ಅಂಗಡಿಯವರು ಪ್ರಾಯೋಜಕರಾಗಿದ್ದು ಅದಕ್ಕೂ ಮುಂಚೆ. ಒಬ್ಬರೂ ಆ ಹುಡುಗನ ಮುಖ ನೋಡಿ ಕೊಟ್ಟವರಲ್ಲ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟದಲ್ಲಿ ಓಡುವವರು ತಮಗೆ ಬೇಕಾದ ಸಂಸ್ಥೆ ಆರಿಸಿಕೊಂಡು, ಅದರ ಹೆಸರಲ್ಲಿ ನೆಂಟರು, ಸ್ನೇಹಿತರಿಂದ ಹಣ ಎತ್ತುತ್ತಾರೆ. ಅಲ್ಲಿ ಜನ ಕೊಡೋದು ಓಡುವವರ ಮೇಲಿನ ನಂಬಿಕೆಯಿಂದ. ನಮ್ಮೂರಲ್ಲೂ ಅದು ಆಗದ ಮಾತೇನಲ್ಲ. ನೆಂಟರು ನಮಗೂ ಇದ್ದಾರೆ!

ನನಗೆ ಅನಿಸೋದು, ಮಗುವಿನ ಮುಖಕ್ಕೆ ಈ ಬೇಡಿಕೆ ಬರಲು ಬೇರೆ ಕಾರಣ ಇದೆ. ನಾವು ಕೊಡೋದೆಲ್ಲ ಫೋಟೊಗೆ ಕೂರುವಂಥದ್ದು. ಸ್ಕೂಲ್ ಬ್ಯಾಗು, ತಟ್ಟೆ ಲೋಟ, ಹೊದಿಕೆ, ನೀರಿನ ಫಿಲ್ಟರು. ಸೀಲಿಂಗ್ ಫ್ಯಾನ್ ಕೊಟ್ಟರೂ ರೆಕ್ಕೆ ಮೇಲೆ ದಾನಿಗಳ ಹೆಸರು ಬರೆಸುತ್ತೇವೆ. ಫ್ಯಾನ್ ತಿರುಗುವಾಗ ಆ ಹೆಸರು ಓದೋಕೆ ಆಗಲ್ಲ ಅನ್ನೋದೊಂದೇ ಸಮಾಧಾನ. ಹೀಗಾಗಿ ಒಂದೇ ಸಂಸ್ಥೆಯಲ್ಲಿ ಮಗುವಿಗೆ ಎರಡೆರಡು ಬ್ಯಾಗು ಇರುತ್ತವೆ, ರಾತ್ರಿ ಬೆಚ್ಚಿ ಏಳುವ ಮಗುವಿನ ಜೊತೆ ಮಾತಾಡೋಕೆ ಆಪ್ತ ಸಮಾಲೋಚಕರು ಇರಲ್ಲ. ಸಮಾಲೋಚಕರ ಸಂಬಳವನ್ನು ವೇದಿಕೆ ಮೇಲೆ ಎತ್ತಿ ತೋರಿಸೋದು ಹೇಗೆ?

ಹದಿನೆಂಟು ತುಂಬಿದವರ ಪಾಡೂ ಹಾಗೇ. ಬಾಲಮಂದಿರದಲ್ಲಿ ಬೆಳೆದ ಹುಡುಗಿ ಹದಿನೆಂಟಕ್ಕೆ ಹೊರಗೆ ಬರಬೇಕು. ಪಿಯುಸಿ ಮುಗಿದಿರುತ್ತದೆ, ಇಲ್ಲವೇ ಅರ್ಧದಲ್ಲಿರುತ್ತದೆ. ಬಾಡಿಗೆ ಕೋಣೆ ಕೇಳಿದರೆ "ಅಪ್ಪ ಅಮ್ಮನ್ನ ಕರ್ಕೊಂಡು ಬಾ" ಅಂತಾರೆ. ಅಡ್ವಾನ್ಸ್‌ಗೆ ದುಡ್ಡು ಬೇಕು. ಕೆಲಸಕ್ಕೆ ಸೇರಿದರೆ ಮೊದಲ ಸಂಬಳ ಬರುವವರೆಗೆ ಊಟಕ್ಕೆ ಬೇಕು. ಹೊರಬಂದವರಿಗೆ ಹಣದ ನೆರವು ಕೊಡಲು ಅದೇ ಕಾಯ್ದೆಯಲ್ಲಿ ಅವಕಾಶ ಇದೆ, ಸಾಮಾನ್ಯವಾಗಿ 21 ವರ್ಷದವರೆಗೆ ಕೊಡಬಹುದು. ಆದರೆ ಆದೇಶ ಆಗಿ ಕೈಗೆ ಬರುವ ತನಕ ಆ ಹುಡುಗಿ ಎಲ್ಲಿ ಮಲಗಬೇಕು? ಒಂದು ಓಟದಿಂದ ಬಂದ ಹಣದಲ್ಲಿ ಇಂಥ ನಾಲ್ಕೈದು ಹುಡುಗಿಯರ ಕೋಣೆಯ ಅಡ್ವಾನ್ಸ್ ಕಟ್ಟಬಹುದು. ಅವರು ಕೆಲಸ ಹಿಡಿದು ಹಣ ವಾಪಸ್ ಕೊಟ್ಟರೆ ಮುಂದಿನವರಿಗೆ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಸಂಸ್ಥೆಯಲ್ಲಿರುವ ಮಕ್ಕಳೆಲ್ಲ ಅನಾಥರು ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. ಎಷ್ಟೋ ಮಕ್ಕಳಿಗೆ ತಾಯಿ ಇದ್ದಾಳೆ, ಇಲ್ಲವೇ ಅಜ್ಜಿ ಇದ್ದಾಳೆ. ಸಾಕೋಕೆ ಆಗದೆ ಬಿಟ್ಟಿರುತ್ತಾರೆ. ಮಳೆ ಕೈಕೊಟ್ಟ ವರ್ಷ ಜಗಳೂರು ಕಡೆಯಿಂದ ಗುಳೆ ಹೋಗುವವರ ಮನೆಯಲ್ಲಿ ಮಗು ಉಳಿಯೋದು ಯಾರ ಹತ್ತಿರ? ಇಲ್ಲೇ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯುವ ವಿಧವೆ ಮಗನನ್ನು ಎಲ್ಲಿಡಬೇಕು? ಮಗುವನ್ನು ಸಂಸ್ಥೆಗೆ ಸೇರಿಸೋದು ಕೊನೆಯ ದಾರಿ ಆಗಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಅದಕ್ಕಾಗಿ ಮಿಷನ್ ವಾತ್ಸಲ್ಯ ಅನ್ನೋ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಒಂದು ನೆರವು ಇದೆ. ಮಗು ಮನೆಯಲ್ಲೇ ಇದ್ದು ಓದಲಿ ಎಂದು ತಿಂಗಳಿಗೆ 4,000 ರೂಪಾಯಿ. ಗಂಡ ಸತ್ತವರು, ಗಂಡ ಬಿಟ್ಟವರು, ದೊಡ್ಡ ಕಾಯಿಲೆ ಬಿದ್ದವರ ಮಕ್ಕಳು ಇದಕ್ಕೆ ಬರುತ್ತಾರೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪೇಟೆಯಲ್ಲಿ 96,000 ರೂಪಾಯಿ ದಾಟಬಾರದು.

ಯೋಜನೆ ಇದೆ, ಆದರೆ ತಲುಪೋದು ಕಷ್ಟ. ಆದಾಯ ಪ್ರಮಾಣಪತ್ರ ಒಂದು ಕಡೆ, ಗಂಡನ ಮರಣಪತ್ರ ಇನ್ನೊಂದು ಕಡೆ, ಮಗುವಿನ ಆಧಾರ್‌ನಲ್ಲಿ ಹೆಸರು ತಪ್ಪು, ಬ್ಯಾಂಕ್ ಖಾತೆ ಇಲ್ಲ. ಒಂದೊಂದು ಕಾಗದಕ್ಕೂ ಒಂದೊಂದು ದಿನದ ಕೂಲಿ ಹೋಗುತ್ತದೆ. ಎರಡು ಸಲ ತಿರುಗಿ "ಸಾಹೇಬ್ರು ಇಲ್ಲ, ನಾಳೆ ಬನ್ನಿ" ಅಂದರೆ ಮೂರನೇ ಸಲ ಆ ತಾಯಿ ಬರಲ್ಲ. ಓಟದ ಹಣದಲ್ಲಿ ಓದು ಬರಹ ಬಲ್ಲ ಒಬ್ಬರನ್ನು ನೇಮಿಸಿ. ಅವರ ಕೆಲಸ ಇಷ್ಟೇ: ಇಂಥ ತಾಯಂದಿರ ಜೊತೆ ಕಚೇರಿಗೆ ಹೋಗೋದು, ಅರ್ಜಿ ತುಂಬೋದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಮುಟ್ಟಿಸೋದು, ಮಂಜೂರಾಗುವ ತನಕ ಬೆನ್ನು ಬೀಳೋದು. ಅವರ ಒಂದು ವರ್ಷದ ಸಂಬಳ ಹೊಂದಿಸಿದರೆ ಎಷ್ಟು ಮಕ್ಕಳಿಗೆ ತಿಂಗಳು ತಿಂಗಳು ಸರ್ಕಾರದ ಹಣ ಬರುತ್ತದೆ ಲೆಕ್ಕ ಹಾಕಿ. ಬ್ಯಾಗು ಹಂಚೋದಕ್ಕಿಂತ ಇದು ಜಾಸ್ತಿ ದಿನ ಉಳಿಯುತ್ತದೆ.

ಲೆಕ್ಕದ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಶುಲ್ಕ ಎಷ್ಟು ಬಂತು, ಟೀ ಶರ್ಟ್, ಮೆಡಲ್, ಪೆಂಡಾಲಿಗೆ ಎಷ್ಟು ಹೋಯಿತು, ಮಕ್ಕಳಿಗೆ ಎಷ್ಟು ಉಳಿಯಿತು ಅನ್ನೋದನ್ನು ಓಡಿದವರಿಗೆ ತಿಳಿಸಬೇಕು. ಹಣ ಪಡೆಯುವ ಸಂಸ್ಥೆ ಬಾಲನ್ಯಾಯ ಕಾಯ್ದೆಯ 41ನೇ ಕಲಂ ಪ್ರಕಾರ ನೋಂದಣಿ ಆಗಿದೆಯಾ ಅಂತ ಮೊದಲೇ ನೋಡಬೇಕು. ನೋಂದಣಿ ಇಲ್ಲದೆ ಇಂಥ ಮಕ್ಕಳನ್ನು ಇಟ್ಟುಕೊಳ್ಳೋದೇ ಅಪರಾಧ.

ಹಾಗಾದರೆ ಆ ಮಕ್ಕಳು ಓಟದ ಹತ್ತಿರ ಸುಳಿಯಲೇಬಾರದಾ? ಖಂಡಿತ ಬರಲಿ. ಎರಡು ಕಿಲೋಮೀಟರಿನ ಮಕ್ಕಳ ಓಟ ಒಂದು ಇಡಿ. ಊರಿನ ಮಕ್ಕಳೆಲ್ಲ ಓಡಲಿ, ಇಷ್ಟ ಇದ್ದರೆ ಇವರೂ ಓಡಲಿ. ಅವರ ಅಳತೆಯ ಟೀ ಶರ್ಟ್ ಕೊಡಿ, ಎಲ್ಲರಿಗೂ ಕೊಟ್ಟಂಥದೇ ನಂಬರ್ ಚೀಟಿ ಕೊಡಿ. ಯಾವ ಮಗು ಯಾರದು ಅಂತ ನೀರಿನ ಮೇಜಿನಲ್ಲಿ ನಿಂತ ನನಗೂ ಗೊತ್ತಾಗಬಾರದು. ಗೆದ್ದರೆ ಗೆದ್ದದ್ದಕ್ಕೆ ವೇದಿಕೆ ಹತ್ತಲಿ.

ಸಂಪಾದಕರೇ, ಕೊನೆಗೆ ಪತ್ರಿಕೆಗಳವರನ್ನೂ ಒಂದು ಕೇಳಿಕೊಳ್ಳಬೇಕು. ಚೆಕ್ ಹಿಡಿದ ಮಕ್ಕಳ ಫೋಟೊ ಯಾರಾದರೂ ಕಳಿಸಿದರೆ ದಯವಿಟ್ಟು ಹಾಕಬೇಡಿ. ಓಡಿದವರ ಫೋಟೊ ಹಾಕಿ, ದೊಡ್ಡದಾಗಿಯೇ ಹಾಕಿ. ಎರಡು ತಿಂಗಳು ಬಿಟ್ಟು ನಿಮ್ಮ ವರದಿಗಾರರನ್ನು ಆಯೋಜಕರ ಹತ್ತಿರ ಕಳಿಸಿ, ಬಂದ ಹಣ ಏನಾಯಿತು ಅಂತ ಕೇಳಿಸಿ, ಅವರು ಕೊಟ್ಟ ಲೆಕ್ಕವನ್ನು ಅದೇ ಪುಟದಲ್ಲಿ ಪ್ರಕಟಿಸಿ.

ಇಂತಿ,
ನಿವೃತ್ತ ಶಿಕ್ಷಕಿ
ವಿದ್ಯಾನಗರ, ದಾವಣಗೆರೆ