ಓಟ ಮಾತ್ರ ಸಾಕಾ? ಸಿಗ್ನಲ್ಸಿಗೆ ಹೋಗುವ ಮಕ್ಕಳು ನೆಟ್‌ವರ್ಕ್ ಯಾವಾಗ ಕಲಿಯುದು?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮಿಲಿಟರಿಗೆ ಸೇರ್ಲಿಕ್ಕೆ ಹೊರಟ ಮಕ್ಕಳು ಶಾಲೆ ಗ್ರೌಂಡಲ್ಲಿ ಓಡುವ ಫೋಟೋ ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಬರ್ತದೆ, ನೋಡುವಾಗ ಖುಷಿಯೇ ಆಗುದು. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಹುಡುಗರು ಹಠ ಹಿಡಿದು ಓಡ್ತಾರೆ, ಪುಲ್‌ಅಪ್ ಹೊಡೀತಾರೆ, ಅದರಲ್ಲಿ ಮಾತಿಲ್ಲ. ಆದ್ರೆ ಅದೇ ಹುಡುಗರನ್ನು ನಿಲ್ಲಿಸಿ ನಿಂಗೆ ಯಾವ ಕೆಲಸಕ್ಕೆ ಹೋಗ್ಬೇಕು ಅಂತ ಉಂಟು ಮಾರಾಯ ಅಂತ ಕೇಳಿದ್ರೆ ಸುಮಾರು ಜನ ಹೇಳುದು ಟೆಕ್ನಿಕಲ್, ಕಂಪ್ಯೂಟರ್ ಸೈಡು, ಸಿಗ್ನಲ್ಸ್ ಸಿಕ್ಕಿದ್ರೆ ಒಳ್ಳೇದಿತ್ತು ಅಂತ. ಸರಿ, ಅದಕ್ಕೆ ಎಂತ ಓದಿದ್ದಿ ಅಂದ್ರೆ ಒಬ್ಬರ ಮುಖ ಒಬ್ಬರು ನೋಡ್ತಾರೆ. ಸಿಗ್ನಲ್ಸ್ ಅಂದ್ರೆ ಸೇನೆಯ ಸಂಪರ್ಕ ನೋಡ್ಕೊಳ್ಳುವ ವಿಭಾಗ, ನಾನು ಅಲ್ಲಿಂದಲೇ ರಿಟೈರ್ ಆಗಿ ಊರಿಗೆ ಬಂದವ, ಹಾಗಾಗಿ ಇದನ್ನು ಬರೀತಿದ್ದೇನೆ, ಉದ್ದ ಆದ್ರೆ ಕತ್ತರಿ ಹಾಕಿ.

ಮೊದಲನೇದು, ಭರ್ತಿಯ ಕ್ರಮವೇ ತಿರುಗಿ ಹೋಗಿದೆ, ನಮ್ಮ ಊರಿನ ತಯಾರಿ ಮಾತ್ರ ಹಳೇದೇ ಉಳಿದಿದೆ. ಅಗ್ನಿವೀರ್ ಅಂತ ನಾಲ್ಕು ವರ್ಷಕ್ಕೆ ಸೇರಿಸಿಕೊಳ್ಳುವ ಅಗ್ನಿಪಥ್ ಯೋಜನೆ ಬಂದದ್ದು 2022ರ ಜೂನಲ್ಲಿ, 2023ರಿಂದ ಸೇನೆಯವರು ಮೊದಲು ಆನ್‌ಲೈನ್ ಪರೀಕ್ಷೆ, ಅದರ ಲಿಸ್ಟಲ್ಲಿ ಹೆಸರು ಬಂದವರಿಗೆ ಮಾತ್ರ ರ್‍ಯಾಲಿ ಅಂತ ಮಾಡಿದ್ರು. ಅಂದ್ರೆ ಕಂಪ್ಯೂಟರ್ ಮುಂದೆ ಕೂತು ಪಾಸಾಗದವನಿಗೆ 1600 ಮೀಟರ್ ಓಡಿ ತೋರಿಸುವ ಚಾನ್ಸೇ ಇಲ್ಲ. ತಪ್ಪು ಉತ್ತರಕ್ಕೆ ಮಾರ್ಕ್ ಕಟ್ ಆಗುದೂ ಉಂಟು, ಕಣ್ಣು ಮುಚ್ಚಿ ಒತ್ತಿದ್ರೆ ಇದ್ದ ಮಾರ್ಕೂ ಹೋಗ್ತದೆ. ಟೆಕ್ನಿಕಲ್‌ಗೆ ಪ್ಲಸ್‌ಟುವಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಇಂಗ್ಲಿಷ್ ಬೇಕು, ಒಟ್ಟು 50 ಪರ್ಸೆಂಟ್, ಒಂದೊಂದು ಸಬ್ಜೆಕ್ಟಲ್ಲಿ 40, ಇಲ್ಲಾಂದ್ರೆ ಹತ್ತನೇ ಆಗಿ ಐಟಿಐ ಅಥವಾ ಡಿಪ್ಲೊಮಾ ಮಾಡಿದವರಿಗೂ ದಾರಿ ಉಂಟು. ಪ್ರಾಯ ಹದಿನೇಳೂವರೆಯಿಂದ 21 ಅಂತ ಇದ್ದದ್ದು, ಹಾಕುವ ವರ್ಷದ ನೋಟಿಫಿಕೇಶನ್ ಒಮ್ಮೆ ನೋಡಿಯೇ ಹಾಕಿ. ಇನ್ನೊಂದು ಒಳ್ಳೇ ಸುದ್ದಿ ನಮ್ಮವರಿಗೆ ಸರಿಯಾಗಿ ತಲುಪಿಯೇ ಇಲ್ಲ ಅಂತ ಕಾಣ್ತದೆ, 2025ರಲ್ಲಿ ಈ ಪರೀಕ್ಷೆಯನ್ನು 13 ಭಾಷೆಗಳಲ್ಲಿ ಬರೀಬಹುದು ಅಂತ ಮಾಡಿದ್ರು, ಅದರಲ್ಲಿ ಕನ್ನಡವೂ ಉಂಟು. ಕನ್ನಡ ಮೀಡಿಯಂ ಮಕ್ಕಳು ಇದನ್ನು ಕೇಳಿ ಬಾಯಿ ಬಿಟ್ಟು ನೋಡಿದ್ದನ್ನು ನಾನೇ ಕಂಡಿದ್ದೇನೆ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸ್ತೇನೆ. ನಮ್ಮ ಜಿಲ್ಲೆ ಕಲ್ಲಿಕೋಟೆಯ ಭರ್ತಿ ಕಚೇರಿಯ ಕೆಳಗೆ ಬರುದು, ಮಂಗಳೂರು ಹತ್ತಿರ ಅಂತ ಅಲ್ಲಿಗೆ ಹಾಕ್ಲಿಕ್ಕಾಗುದಿಲ್ಲ. ಆಧಾರಲ್ಲಿ ಒಂದು ಸ್ಪೆಲ್ಲಿಂಗ್, ಎಸ್ಸೆಸ್ಸೆಲ್ಸಿಯಲ್ಲಿ ಇನ್ನೊಂದು, ಒಂದರಲ್ಲಿ ಇನಿಶಿಯಲ್ ಮುಂದೆ ಒಂದರಲ್ಲಿ ಹಿಂದೆ, ನಮ್ಮ ಗಡಿನಾಡಿನ ಮಕ್ಕಳಿಗೆ ಇದೊಂದು ಯಾವಾಗಲೂ ಇರುವ ತಲೆಬಿಸಿ. ಅಕ್ಷಯ ಕೇಂದ್ರಕ್ಕೆ ಕೊನೇ ದಿನ ಓಡುದಕ್ಕಿಂತ ರಜೆಯಲ್ಲೇ ಸರಿ ಮಾಡಿಸಿ ಇಡ್ಬೇಕು.

ಈಗ ಅಸಲು ವಿಷಯ. ಪರೀಕ್ಷೆ ಪಾಸಾಗಿ, ಓಡಿ, ಮೆಡಿಕಲ್ ಆಗಿ, ಸಿಗ್ನಲ್ಸ್ ಸಿಕ್ಕಿತು ಅಂತಲೇ ಇಟ್ಕೊಳ್ಳಿ. 1911ರಲ್ಲಿ ಶುರುವಾದ ಕೋರ್ ಇದು, ರಂಗರೂಟುಗಳಿಗೆ ಟ್ರೈನಿಂಗ್ ಸೆಂಟರ್ ಇರುದು ಜಬಲ್ಪುರದಲ್ಲಿ ಒಂದು, ಗೋವಾದಲ್ಲಿ ಒಂದು. ಮೊದಲು ಪಿಟಿ, ಡ್ರಿಲ್, ರೈಫಲ್, ಅದು ಎಲ್ಲರಿಗೂ ಇದ್ದದ್ದೇ, ನಮ್ಮ ಹುಡುಗರು ಅದನ್ನು ನೀರು ಕುಡಿದ ಹಾಗೆ ಮಾಡಿ ಮುಗಿಸ್ತಾರೆ. ಅದಾದ ಮೇಲೆ ಟೆಕ್ನಿಕಲ್ ಟ್ರೈನಿಂಗ್ ಬರ್ತದಲ್ಲ, ಅಲ್ಲಿ ಸಿಕ್ಕಿ ಬೀಳುದು. ಉಸ್ತಾದ್, ಅಂದ್ರೆ ಕಲಿಸುವವರು, ಹಿಂದಿಯಲ್ಲಿ ಪಾಠ ಮಾಡ್ತಾರೆ, ಮಧ್ಯೆ ಮಧ್ಯೆ ಇಂಗ್ಲಿಷ್ ಶಬ್ದಗಳು, ಬೋರ್ಡಲ್ಲಿ ಸೊನ್ನೆ ಒಂದು ಸೊನ್ನೆ ಒಂದು, ಬೆಳಿಗ್ಗೆ ಪಿಟಿ ಮಾಡಿ ಸುಸ್ತಾಗಿ ಕೂತವನ ಕಣ್ಣು ಎಳೀತಿರ್ತದೆ, ಪಕ್ಕದಲ್ಲಿ ಕೂತ ಹುಡುಗ ಡಿಪ್ಲೊಮಾ ಮಾಡಿ ಬಂದವ, ಅವ ಟಪಟಪ ಉತ್ತರ ಹೇಳುವಾಗ ನಮ್ಮವ ನನಗೆ ಇದು ಹೇಳಿದ್ದಲ್ಲ ಅಂತ ತೀರ್ಮಾನ ಮಾಡಿಬಿಡ್ತಾನೆ. ತಲೆ ಇಲ್ಲ ಅಂತ ಅಲ್ಲ, ಮೊದಲನೇ ಸಲ ಕೇಳುದು ಅಷ್ಟೆ. ಮೊದಲೇ ಒಂದು ಸಲ ಕಿವಿಗೆ ಬಿದ್ದಿದ್ರೆ ಹಿಂದಿಯಲ್ಲಿ ಹೇಳಿದ್ರೂ ತಲೆಗೆ ಹೋಗ್ತದೆ. ಅಂದ ಹಾಗೆ ಹಿಂದಿ ಪೀರಿಯಡ್ಡಲ್ಲಿ ನಿದ್ದೆ ಮಾಡುವವರಿಗೆ ಒಂದು ಮಾತು, ಕಾಸರಗೋಡಿನವರಿಗೆ ಕನ್ನಡ ತುಳು ಮಲಯಾಳ ಮೂರೂ ಗೊತ್ತುಂಟು ಅಂತ ಜಂಬ ಮಾಡುದೇ ಹೌದು, ಆದ್ರೆ ಜಬಲ್ಪುರದಲ್ಲಿ ಆ ಮೂರೂ ನಡೀಲಿಕ್ಕಿಲ್ಲ.

ಹಾಗಾದ್ರೆ ಮನೆಯಲ್ಲಿ ಕೂತು ಎಂತ ಕಲಿಯುದು ಅಂತ ಕೇಳ್ತಾರೆ. ಶುರುವಿಗೆ ಎಂಟು ಅಂಕಿ ಸಾಕು: 128, 64, 32, 16, 8, 4, 2, 1. ಇವನ್ನು ಕೂಡಿಸಿ ಕಳೆದು 0ಯಿಂದ 255ರವರೆಗೆ ಯಾವ ನಂಬರನ್ನಾದ್ರೂ ಕ್ಯಾಲ್ಕುಲೇಟರ್ ಮುಟ್ಟದೆ ಬೈನರಿಗೆ ತರ್ಲಿಕ್ಕೆ ಬಂದ್ರೆ ಅರ್ಧ ಭಯ ಹೋಯ್ತು. ಐಪಿ ಅಡ್ರೆಸ್ ಅಂದ್ರೆ ನೆಟ್‌ವರ್ಕಲ್ಲಿ ಒಂದೊಂದು ಕಂಪ್ಯೂಟರಿಗೆ ಕೊಡುವ ನಂಬರು, ನಾನು ಹೇಳುದು ವರ್ಶನ್ 4ರದ್ದು, ಅದು ಹೀಗೆ ಎಂಟೆಂಟು ಬಿಟ್ಟಿನ (ಸೊನ್ನೆ ಇಲ್ಲವೇ ಒಂದರ) ನಾಲ್ಕು ತುಂಡು, ಒಟ್ಟು 32 ಬಿಟ್. ಇನ್ನು ಸಬ್‌ನೆಟ್, ಅಂದ್ರೆ ಒಂದು ನೆಟ್‌ವರ್ಕನ್ನು ಸಣ್ಣ ಸಣ್ಣ ಪಾಲು ಮಾಡುದು, ಎಲ್ಲರೂ ಹೆದರುವ ಪಾಠ. ನಾನು ಮಕ್ಕಳಿಗೆ ತರವಾಡಿನ ಜಾಗ ಪಾಲು ಮಾಡುದರ ಲೆಕ್ಕದಲ್ಲೇ ಹೇಳುದು: 256 ಅಡ್ರೆಸ್ಸಿನ ಒಂದು ಜಾಗ ಉಂಟು, ನಾಲ್ಕು ಜನ ಅಣ್ಣತಮ್ಮಂದಿರಿಗೆ ಸಮ ಪಾಲು, ಒಬ್ಬೊಬ್ಬನಿಗೆ 64 ಬಂತು, ಆದ್ರೆ ಪ್ರತಿ ಪಾಲಲ್ಲೂ ಈ ತುದಿಯದ್ದು ಒಂದು ಆ ತುದಿಯದ್ದು ಒಂದು ಗಡಿಗೆ ಹೋಗ್ತದೆ, ಅಲ್ಲಿ ಮನೆ ಕಟ್ಲಿಕ್ಕಿಲ್ಲ, ಹಾಗಾಗಿ ಉಪಯೋಗಕ್ಕೆ ಸಿಕ್ಕುದು 62. ಸ್ಲಾಶ್ 26 ಅಂತ ಬರೀತಾರಲ್ಲ, ಅದು ಇದೇ, 32 ಬಿಟ್ಟಲ್ಲಿ 26 ಪಾಲಿನ ಗುರುತಿಗೆ ಹೋಗಿ ಉಳಿದ 6 ಬಿಟ್ಟಲ್ಲಿ 64 ಅಡ್ರೆಸ್. ಎರಡೇ ರೂಟರನ್ನು ಜೋಡಿಸುವ ಲಿಂಕಿಗೆ 64 ಕೊಟ್ರೆ ದಂಡ, ಅಲ್ಲಿಗೆ ಸ್ಲಾಶ್ 30, ನಾಲ್ಕರಲ್ಲಿ ಗಡಿ ಹೋಗಿ ಎರಡು, ಸರಿಯಾಗಿ ಸಾಕು. ಇಷ್ಟು ಹೇಳುವಾಗ ಪ್ಲಸ್‌ವನ್ ಹುಡುಗಿಯೊಬ್ಬಳು ಹಾಗಾದ್ರೆ ಗಡಿ ಜಗಳ ಆಗುದಿಲ್ವಾ ಅಂತ ಕೇಳಿದ್ಲು. ಆಗ್ತದೆ ಮಾರಾಯ್ತಿ, ಎರಡು ಕಂಪ್ಯೂಟರಿಗೆ ಒಂದೇ ಅಡ್ರೆಸ್ ಕೊಟ್ರೆ ಜಗಳವೇ, ಎರಡೂ ಸರಿಯಾಗಿ ನಡೆಯುದಿಲ್ಲ ಅಂದೆ.

ಕೈಕೆಲಸ ಬೇಡ್ವಾ, ಅದೂ ಬೇಕು. ನಮ್ಮ ಊರಿನ ವಾಚನಾಲಯದ ಜಗಲಿಯಲ್ಲಿ ಕೆಲವು ಆದಿತ್ಯವಾರ ಮಕ್ಕಳನ್ನು ಕೂರಿಸಿಕೊಂಡು ನೆಟ್‌ವರ್ಕ್ ಕೇಬಲ್ ಮಾಡಿಸ್ತೇನೆ. ಹೊರಗಿನ ಸಿಪ್ಪೆ ಒಂದಿಂಚು ಸುಲಿದ್ರೆ ಒಳಗೆ ನಾಲ್ಕು ಜೋಡಿ, ಎಂಟು ವಯರ್, ಅದನ್ನು ಬಿಡಿಸಿ ನೆಟ್ಟಗೆ ಮಾಡಿ ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು, ಹೀಗೇ ಸಾಲಾಗಿ ಹಿಡಿದು ತುದಿ ಸಮ ಕತ್ತರಿಸಿ ಕನೆಕ್ಟರಿಗೆ ತುರುಕಿ ಕ್ರಿಂಪಿಂಗ್ ಟೂಲಲ್ಲಿ ಒತ್ತುದು. ನೋಡ್ಲಿಕ್ಕೆ ಸುಲಭ, ಆದ್ರೆ ಮೂರನೇದು ಹಸಿರಿನ ಬಿಳಿ, ಆರನೇದು ಹಸಿರು, ಮಧ್ಯೆ ನೀಲಿ ಜೋಡಿ ನುಗ್ಗಿ ಕೂರ್ತದೆ, ಅಲ್ಲೇ ಎಲ್ಲರೂ ತಪ್ಪುದು. ಬಣ್ಣ ಗುರುತಿಸುವ ದೃಷ್ಟಿ ಸರಿ ಉಂಟಾ ಅಂತ ಮೆಡಿಕಲ್ಲಲ್ಲಿ ನೋಡ್ತಾರೆ, ಅನುಮಾನ ಇದ್ದವರು ಮೊದಲೇ ಕಣ್ಣಿನ ಡಾಕ್ಟರಿಗೆ ತೋರಿಸಿ ಬಿಡಿ, ಎಲ್ಲ ಮುಗಿದ ಮೇಲೆ ಗೊತ್ತಾದ್ರೆ ಸಂಕಟ.

ಒಂದು ಆದಿತ್ಯವಾರ ಮಕ್ಕಳು ಮಾಡಿದ ಕೇಬಲ್ಲಲ್ಲಿ ಎರಡು ಹಳೇ ಲ್ಯಾಪ್‌ಟಾಪ್ ಜೋಡಿಸಿ, ಎರಡಕ್ಕೂ ಐಪಿ ಕೊಟ್ಟು ಪಿಂಗ್ ಹಾಕಿದ್ರು, ಅಂದ್ರೆ ಆಚೆಯದ್ದು ಉತ್ತರ ಕೊಡ್ತದಾ ಅಂತ ಕೂಗಿ ನೋಡಿದ ಹಾಗೆ. ಉತ್ತರ ಇಲ್ಲ. ಕೇಬಲ್ ಕತ್ತರಿಸಿ ಪುನಃ ಮಾಡ್ಲಿಕ್ಕೆ ಹೊರಟ್ರು, ನಿಲ್ಲಿ ಅಂದೆ. ಪೋರ್ಟಲ್ಲಿ ಲೈಟ್ ಹತ್ತಿದೆಯಾ? ಹತ್ತಿದೆ. ಹಾಗಾದ್ರೆ ವಯರ್ ಸರಿ ಇರ್ಬೇಕು. ಐಪಿ ಒಂದೇ ಪಾಲಲ್ಲಿ ಉಂಟಾ? ಉಂಟು. ಈಚೆಯಿಂದ ಹಾಕಿದ್ದಲ್ವಾ, ಆಚೆಯಿಂದ ಹಾಕಿ ನೋಡಿ. ಆಚೆಯಿಂದ ಬಂತು! ಎಂತ ಅಂತ ನೋಡಿದ್ರೆ ಒಂದರಲ್ಲಿ ವಿಂಡೋಸ್, ಅದರ ಫೈರ್‌ವಾಲ್ ಹೊರಗಿಂದ ಬರುವ ಪಿಂಗನ್ನು ಬಾಗಿಲಲ್ಲೇ ತಡೀತದೆ, ಇನ್ನೊಂದರಲ್ಲಿ ಲಿನಕ್ಸ್, ವಿಂಡೋಸಿನ ಹಾಗೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಅದು ತಡೆಯುದಿಲ್ಲ. ಟ್ರೈನಿಂಗಲ್ಲಿ ಮುಖ್ಯವಾಗಿ ಕಲಿಸುದೂ ಇದನ್ನೇ, ಫಾಲ್ಟ್ ಹುಡುಕುದು. ಕೆಳಗಿಂದ ಮೇಲೆ ಹೋಗ್ಬೇಕು, ಮೊದಲು ಕರೆಂಟು, ಆಮೇಲೆ ವಯರ್, ಆಮೇಲೆ ಐಪಿ, ಆಮೇಲೆ ಗೇಟ್‌ವೇ (ಹೊರಗೆ ಹೋಗುವ ಬಾಗಿಲು), ಆಮೇಲೆ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕಿ ಕೊಡುವ ವ್ಯವಸ್ಥೆ). ಗೂಗಲಿನವರ 8.8.8.8 ಅನ್ನುವ ಅಡ್ರೆಸ್ಸಿಗೆ ಪಿಂಗ್ ಆಗ್ತದೆ ಆದ್ರೆ ವೆಬ್‌ಸೈಟ್ ಹೆಸರು ಹಾಕಿದ್ರೆ ತೆರೆಯುದಿಲ್ಲ ಅಂದ್ರೆ ಲೈನ್ ಸರಿ ಉಂಟು, ಡಿಎನ್‌ಎಸ್ ನೋಡು, ಇಷ್ಟು ಹೇಳ್ಲಿಕ್ಕೆ ಬಂದವನನ್ನು ಉಸ್ತಾದರು ಗುರುತು ಇಟ್ಕೊಳ್ತಾರೆ. ದುಡ್ಡು ಕೊಟ್ಟು ರೂಟರ್ ತರ್ಬೇಕು ಅಂತ ಇಲ್ಲ, ಸಿಸ್ಕೋದವರ ಪ್ಯಾಕೆಟ್ ಟ್ರೇಸರ್ ಫ್ರೀ ಸಿಗ್ತದೆ, ಅದರಲ್ಲಿ ರೂಟರ್, ಸ್ವಿಚ್ ಎಲ್ಲ ಸ್ಕ್ರೀನಲ್ಲೇ ಜೋಡಿಸಿ ಕೆಡಿಸಿ ಪುನಃ ಸರಿ ಮಾಡ್ಬಹುದು. ಮತ್ತೆ ಟೈಪಿಂಗ್! ಈಗಿನ ಮಕ್ಕಳು ಮೊಬೈಲಲ್ಲಿ ಎರಡು ಹೆಬ್ಬೆರಳಲ್ಲಿ ಮಿಂಚಿನ ಸ್ಪೀಡು, ಕೀಬೋರ್ಡ್ ಮುಂದೆ ಕೂರಿಸಿದ್ರೆ ಒಂದೊಂದೇ ಅಕ್ಷರ ಹುಡುಕ್ತಾರೆ.

ಒಂದು ಎಚ್ಚರಿಕೆಯೂ ಬೇಕು. ನೆಟ್‌ವರ್ಕ್ ಕಲಿಯುದು ಅಂತ ಪಕ್ಕದ ಮನೆಯ ವೈಫೈ ಪಾಸ್‌ವರ್ಡ್ ಒಡೀಲಿಕ್ಕೆ ಹೊರಡುವ ಹುಡುಗರು ಇದ್ದಾರೆ, ಯೂಟ್ಯೂಬ್ ನೋಡಿ ಹ್ಯಾಕರ್ ಆಗುದು. ಐಟಿ ಕಾಯ್ದೆ 2000, ಸೆಕ್ಷನ್ 66ರಲ್ಲಿ ಇದಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲಾಂದ್ರೆ ಎರಡೂ. ಕೇಸ್ ಆದ್ರೆ ಪೊಲೀಸ್ ವೆರಿಫಿಕೇಶನಲ್ಲೇ ಕಥೆ ಮುಗೀತು. ರೀಲ್ಸ್ ಹುಚ್ಚಿನವರೂ ಕೇಳಿ, 2020ರಲ್ಲಿ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್ ತೆಗೀರಿ ಅಂತ ಜವಾನರಿಗೆ ಹೇಳಿತ್ತು. ಇಡೀ ಸೇನೆಯ ಸಂಪರ್ಕ ನೋಡ್ಕೊಳ್ಳುವವನೇ ತಾನು ಎಲ್ಲಿದ್ದೇನೆ ಅಂತ ಊರಿಗೆ ಡಂಗುರ ಹೊಡೆದ್ರೆ ಹೇಗೆ?

ಹುಡುಗಿಯರ ತಾಯಂದಿರು ಕೇಳ್ತಾರೆ ನಮ್ಮವರಿಗೆ ಇಲ್ವಾ ಅಂತ. ಆರ್ಮಿಯಲ್ಲಿ ಅಗ್ನಿವೀರ್ ಆಗಿ ಹುಡುಗಿಯರನ್ನು ತೆಗೊಂಡದ್ದು ಮಿಲಿಟರಿ ಪೊಲೀಸಿಗೆ, ಟೆಕ್ನಿಕಲ್‌ಗೆ ಅಲ್ಲ. ಆದ್ರೆ ನೇವಿ ಮತ್ತು ಏರ್‌ಫೋರ್ಸ್ ತೆಗೊಳ್ತದೆ, ನೇವಿಯ ಮೊದಲನೇ ಬ್ಯಾಚ್ ಹುಡುಗಿಯರು ಒಡಿಶಾದ ಐಎನ್‌ಎಸ್ ಚಿಲ್ಕಾದಿಂದ 2023ರ ಮಾರ್ಚಲ್ಲೇ ಪಾಸ್‌ಔಟ್ ಆದ್ರು. ಏರ್‌ಫೋರ್ಸಿನವರ ಕಮ್ಯುನಿಕೇಶನ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್ ಇರುದು ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲೇ. ಮ್ಯಾತ್ಸಲ್ಲಿ ಗಟ್ಟಿ ಇದ್ದು ಜೆಇಇ ಮೇನ್ ಬರೆದ ಹುಡುಗರು ಟೆಕ್ನಿಕಲ್ ಎಂಟ್ರಿಯಲ್ಲಿ ಆಫೀಸರ್ ಆಗಿಯೇ ಹೋಗ್ಲಿಕ್ಕೂ ನೋಡ್ಬಹುದು, ಸಿಗ್ನಲ್ಸ್ ಆಫೀಸರುಗಳ ಕಾಲೇಜು ಮಧ್ಯಪ್ರದೇಶದ ಮಹೂವಿನಲ್ಲಿ ಉಂಟು.

ಹಣ ಕಟ್ಟಿ, ಸಿಗ್ನಲ್ಸ್ ಗ್ಯಾರಂಟಿ ಅಂತ ಹೇಳುವವರ ಬಗ್ಗೆ ಬರೀದಿದ್ರೆ ತಪ್ಪಾಗ್ತದೆ. ನನ್ನ ನೆರೆಮನೆಯ ಹುಡುಗನ ಅಪ್ಪ ಅಡಕೆ ಮಾರಿದ ಹಣ ಕೊಂಡುಹೋಗಿ ಒಂದು ಕಡೆ ಕಟ್ಟಿ ಬಂದ್ರು, ಹೆಸರು ಬೇಡ. ಯಾರಿಗೆ ಯಾವ ಕೋರ್, ಯಾವ ಟ್ರೇಡ್ ಅಂತ ಹಾಕುದು ಸೇನೆ, ಹೊರಗಿನವರ ಕೈಯಲ್ಲಿ ಒಂದು ಕಡ್ಡಿಯೂ ಇಲ್ಲ. ಆ ಹುಡುಗನಿಗೆ ಅಲ್ಲಿ ಕಲಿಸಿದ್ದು ಓಟ ಮತ್ತು ಜಿಕೆ, ಅದಕ್ಕೆ ಅಷ್ಟು ಫೀಸು.

ನಾಲ್ಕು ವರ್ಷದ ಪ್ರಶ್ನೆ ಎಲ್ಲರ ಮನೆಯಲ್ಲೂ ಉಂಟು, ನನಗೂ ಅದರ ಬಗ್ಗೆ ಅಸಮಾಧಾನ ಇಲ್ಲ ಅಂತ ಅಲ್ಲ, ಯೋಜನೆ ಬಂದಾಗಿನ ನಿಯಮದಲ್ಲಿ ಹೆಚ್ಚೆಂದ್ರೆ 25 ಪರ್ಸೆಂಟ್ ಜನ ಮಾತ್ರ ಒಳಗೆ ಉಳಿಯುದು, ಉಳಿದವರು ಸೇವಾ ನಿಧಿ ಅಂತ ಒಟ್ಟಿಗೆ ಕೊಡುವ ಹಣ ತೆಗೊಂಡು ಊರಿಗೆ. ಅದಕ್ಕೇ ನಾನು ನೆಟ್‌ವರ್ಕ್ ಕಲೀರಿ ಅಂತ ಗಂಟು ಬಿದ್ದು ಹೇಳುದು. ವಾಪಸ್ ಬಂದವನಿಗೆ ರೂಟರ್ ಕಾನ್ಫಿಗರ್ ಮಾಡ್ಲಿಕ್ಕೆ, ಫೈಬರ್ ಜೋಡಿಸ್ಲಿಕ್ಕೆ ಬಂದ್ರೆ ಮಂಗಳೂರಲ್ಲೋ ಕೊಚ್ಚಿಯಲ್ಲೋ ಕೆಲಸ ಹುಡುಕ್ಲಿಕ್ಕೆ ಒಂದು ಬಲ ಇರ್ತದೆ. ಈಗ ಕೆಎಸ್‌ಇಬಿಯ ಕರೆಂಟು ಕಂಬದ ಮೇಲೆ ಕೇರಳ ಸರ್ಕಾರದ ಇಂಟರ್ನೆಟ್ ಯೋಜನೆ ಕೆಫೋನಿನ ಕೇಬಲ್ ಬಂದಿದೆ, ಹಳ್ಳಿ ಹಳ್ಳಿಗೆ ಫೈಬರ್ ಬರ್ತಾ ಉಂಟು, ಅದನ್ನು ನೋಡ್ಕೊಳ್ಲಿಕ್ಕೆ ಜನ ಬೇಡ್ವಾ?

ಇನ್ನು ಸಂಬಂಧಪಟ್ಟವರಿಗೆ ಒಂದು ಕೋರಿಕೆ. ಕೇರಳದ ಹೈಸ್ಕೂಲುಗಳಲ್ಲಿ ಲ್ಯಾಬ್ ಉಂಟು, ಲ್ಯಾಪ್‌ಟಾಪುಗಳಲ್ಲಿ ಓಡುದು ಲಿನಕ್ಸೇ, ಲಿಟ್ಲ್ ಕೈಟ್ಸ್ ಅಂತ ಮಕ್ಕಳ ಐಟಿ ಕ್ಲಬ್ ಉಂಟು. ಬೇರೆ ರಾಜ್ಯದ ಎಷ್ಟೋ ಮಕ್ಕಳು ಲಿನಕ್ಸ್ ಟರ್ಮಿನಲ್ಲನ್ನು ಟ್ರೈನಿಂಗಲ್ಲೇ ಮೊದಲು ಕಾಣುದು, ನಮ್ಮ ಗಡಿನಾಡ ಕನ್ನಡ ಮಕ್ಕಳು ಎಂಟನೇ ಕ್ಲಾಸಿಂದ ಅದರ ಮುಂದೆಯೇ ಕೂತವರು, ಇಷ್ಟು ದೊಡ್ಡ ಲಾಭವನ್ನು ನಾವು ಲೆಕ್ಕಕ್ಕೇ ತೆಗೊಂಡಿಲ್ಲ. ಶನಿವಾರ, ರಜಾದಿನ ಆ ಲ್ಯಾಬುಗಳಿಗೆ ಬೀಗ. ಪಂಚಾಯತ್, ಪಿಟಿಎ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ಕೂತು ಮಾತಾಡಿ ವಾರಕ್ಕೆ ಒಂದು ದಿನ ತೆರೆದು ಕೊಟ್ರೆ ಸಾಕು, ಕಲಿಸ್ಲಿಕ್ಕೆ ನನ್ನ ಹಾಗೆ ರಿಟೈರ್ ಆದವರು ಕುಂಬಳೆಯಿಂದ ಅಡೂರಿನವರೆಗೆ ಎಷ್ಟೋ ಜನ ಸುಮ್ಮನೆ ಮನೆಯಲ್ಲಿ ಕೂತಿದ್ದಾರೆ. ನಿಮ್ಮ ಪತ್ರಿಕೆಯವರೂ ವಾರಕ್ಕೊಂದು ಕಾಲಂ ಜಾಗ ಕೊಟ್ಟು ಈ ಪರೀಕ್ಷೆಯ ಮಾದರಿ ಪ್ರಶ್ನೆಗಳನ್ನು ಕನ್ನಡದಲ್ಲಿ ಹಾಕಿದ್ರೆ ಉಪಕಾರ ಆಗ್ತಿತ್ತು. ಪೆರ್ಲದ ಸುತ್ತಮುತ್ತ ಯಾವ ಶಾಲೆಯವರು ಲ್ಯಾಬ್ ಕೊಟ್ರೂ ನಾನು ಬರ್ತೇನೆ, ಕೇಬಲ್, ಕನೆಕ್ಟರ್, ಕ್ರಿಂಪಿಂಗ್ ಟೂಲ್ ನನ್ನದೇ, ಮಧ್ಯಾಹ್ನದ ಊಟ ಮಾತ್ರ ಶಾಲೆಯವರು ನೋಡ್ಕೊಳ್ಳಿ.

ಇಂತಿ,
ಒಬ್ಬ ನಿವೃತ್ತ ಸಿಗ್ನಲ್ಸ್ ಹವಾಲ್ದಾರ್
ಪೆರ್ಲ, ಕಾಸರಗೋಡು ಜಿಲ್ಲೆ