ಹೊಸ್ತಿಲಿಗಿಂತ ಎತ್ತರದ ಚರಂಡಿ: ಲೆವೆಲ್ ನೋಡಿದವರು ಯಾರು?

ಮಾನ್ಯ ಸಂಪಾದಕರೇ,

ನಿಟುವಳ್ಳಿಯ ನಮ್ಮ ಅಡ್ಡರಸ್ತೆಯ ಹೊಸ ಚರಂಡಿ ಬಗ್ಗೆ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ‘ಕೆಲಸ ತಾಂತ್ರಿಕವಾಗಿ ಸರಿಯಾಗಿದೆ, ಮಳೆಯೇ ಜಾಸ್ತಿ ಬಂತು’ ಎಂದು ಎಂಜಿನಿಯರ್ ಸಾಹೇಬರು ಹೇಳಿದ್ದಾರೆ. ಓದಿ ಮೈಯೆಲ್ಲಾ ಉರಿಯಿತು. ಮಳೆ ಬಂದಿದ್ದು ಅರ್ಧ ಗಂಟೆ. ಚರಂಡಿಯನ್ನು ನಮ್ಮ ಹೊಸ್ತಿಲಿಗಿಂತ ಒಂದು ಗೇಣು ಮೇಲೆ ಕಟ್ಟಿದರೆ ನೀರು ಇನ್ನೆಲ್ಲಿಗೆ ಹೋಗಬೇಕು? ಸೀದಾ ಅಡುಗೆಮನೆಗೆ ಬಂತು.

ಅಕ್ಕಿ ಚೀಲ ನೆನೆದು ಹಾಳಾಯಿತು. ಮಗಳ ಪುಸ್ತಕಗಳನ್ನು ಇನ್ನೂ ಫ್ಯಾನ್ ಕೆಳಗೆ ಒಣಗಿಸುತ್ತಿದ್ದೇವೆ. ಮಂಡಿನೋವಿನ ಅತ್ತೆಯವರಿಗೆ ಚರಂಡಿ ದಾಟಲು ಆಗುತ್ತಿಲ್ಲ, ಬಿಪಿ ತೋರಿಸುವುದೂ ನಿಂತಿದೆ. ಆಟೊದವರು ತಿರುವಿನಲ್ಲೇ ಇಳಿಸಿ ಹೋಗುತ್ತಾರೆ. ಸಿಲಿಂಡರ್ ತರುವ ಹುಡುಗನೂ ಅಲ್ಲಿಂದಲೇ ಕೂಗುತ್ತಾನೆ. ಮನೆಯೆಲ್ಲಾ ಗಬ್ಬು ವಾಸನೆ.

ಕೆಲಸ ನಡೆಯುವಾಗ ನಾನು ದಿನಾ ನೋಡಿದ್ದೇನೆ. ಮೇಸ್ತ್ರಿ ಒಬ್ಬರೇ ದಾರ ಕಟ್ಟಿ ಕಣ್ಣಳತೆಯಲ್ಲಿ ಮುಗಿಸಿದರು. ಎತ್ತರ-ತಗ್ಗು ಅಳೆಯುವ ಲೆವೆಲ್ ಯಂತ್ರ ಯಾರೂ ತರಲಿಲ್ಲ. ಎಂಜಿನಿಯರ್ ಬಂದಿದ್ದು ಭೂಮಿಪೂಜೆಯ ಫೋಟೊಗೆ. ಚರಂಡಿ ಎತ್ತರವಾಯಿತು ಎಂದು ನಾವು ಬಾಯಿ ಬಡಿದುಕೊಂಡರೆ ಮೇಸ್ತ್ರಿ ‘ಸಾಹೇಬರನ್ನು ಕೇಳಿ’ ಅಂದರು. ಸಾಹೇಬರು ‘ಗುತ್ತಿಗೆದಾರರನ್ನು ಕೇಳಿ’ ಅಂದರು. ಗುತ್ತಿಗೆದಾರರು ಫೋನ್ ಎತ್ತುವುದೇ ಇಲ್ಲ.

ಕಿರಿಯ ಎಂಜಿನಿಯರ್ ಆಗಲು ಸಿವಿಲ್ ಡಿಪ್ಲೊಮಾ ಬೇಕು, ಸಹಾಯಕ ಎಂಜಿನಿಯರ್ ಆಗಲು ಬಿ.ಇ. ಬೇಕು. ಸರ್ಕಾರ ಇದನ್ನು ಸುಮ್ನೆ ಕೇಳುತ್ತದೆಯೇ? ಇಳಿಜಾರು ಲೆಕ್ಕ ಹಾಕಲು, ಕಾಂಕ್ರೀಟ್ ಹಾಕುವಾಗ ಪಕ್ಕದಲ್ಲಿ ನಿಂತು ಸಿಮೆಂಟು, ನೀರು ನೋಡಲು ಅಲ್ವಾ ಆ ಓದು? ಅದೇ ಕಾಂಕ್ರೀಟನ್ನು ಚೌಕದ ಅಚ್ಚಿನಲ್ಲಿ (ಕ್ಯೂಬ್) ತುಂಬಿಸಿ, 28 ದಿನದ ನಂತರ ಒಡೆದು ಗಟ್ಟಿತನ ಪರೀಕ್ಷಿಸಬೇಕು ಎಂದು ಸಿವಿಲ್ ಓದುತ್ತಿರುವ ನಮ್ಮ ತಮ್ಮನ ಮಗನಿಗೇ ಗೊತ್ತಿದೆ. ನಮ್ಮ ಬೀದಿಯಲ್ಲಿ ಒಂದು ಕ್ಯೂಬ್ ತುಂಬಿದ್ದನ್ನೂ ಯಾರೂ ಕಾಣೆವು. ಕಾಂಕ್ರೀಟನ್ನು ಕಡಿಮೆ ಅಂದರೂ 7 ದಿನ ಒದ್ದೆಯಾಗಿಡಬೇಕು. ಇವರು ಮಾರನೇ ದಿನವೇ ಕೈಬಿಟ್ಟರು. ಬೀದಿಯ ಹೆಂಗಸರೇ ಕೊಡದಲ್ಲಿ ನೀರು ಹೊತ್ತು ಹಾಕಿದೆವು. ಆದ ಕೆಲಸವನ್ನು ಎಂಜಿನಿಯರ್ ಅಳೆದು ಅಳತೆ ಪುಸ್ತಕದಲ್ಲಿ ಬರೆದ ಮೇಲೇ ಗುತ್ತಿಗೆದಾರರ ಬಿಲ್ ಆಗುವುದು. ಭೂಮಿಪೂಜೆ ಬಿಟ್ಟರೆ ಜಾಗಕ್ಕೇ ಬಾರದವರು ಆ ಪುಸ್ತಕದಲ್ಲಿ ಏನನ್ನು ಅಳೆದು ಬರೆದರು?

ಇದು ಇವತ್ತಿನ ಕಥೆಯಲ್ಲ. ಹಿಂದೆ ಡಾಂಬರು ಹಾಕಿದ ಬೆನ್ನಲ್ಲೇ ಪೈಪ್ ಹಾಕಲು ರಸ್ತೆ ಅಗೆದರು, ಆ ಗುಂಡಿ ಈಗಲೂ ಹಾಗೇ ಇದೆ. ಬೀದಿದೀಪ ಹಗಲೆಲ್ಲಾ ಉರಿಯುತ್ತದೆ, ರಾತ್ರಿ ಕತ್ತಲೆ. ಅರ್ಜಿ ಕೊಟ್ಟರೆ ಸೀಲ್ ಹಾಕಿ ಕಳಿಸುತ್ತಾರೆ, ಅಷ್ಟೇ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ದಾವಣಗೆರೆ ಹೆಸರು ಬಂದಾಗ ನಾವೆಲ್ಲಾ ಹಿಗ್ಗಿದ್ದೆವು. 1951ರಿಂದ ಎಂಜಿನಿಯರಿಂಗ್ ಕಾಲೇಜು ಇರುವ ಊರು ಇದು. ಇಲ್ಲಿ ಒಂದು ಚರಂಡಿಗೆ ಲೆವೆಲ್ ಹಿಡಿಯುವವರು ಸಿಗುವುದಿಲ್ಲವೇ?

ಮೇಲಧಿಕಾರಿಗಳು ಕೂಡಲೇ ಬಂದು ನೋಡಲಿ, ಆ ಎಂಜಿನಿಯರನ್ನೂ ಕರೆತರಲಿ. ಚರಂಡಿ ಒಡೆದು ಸರಿಯಾಗಿ ಕಟ್ಟಲಿ. ಅಳತೆ ಪುಸ್ತಕವನ್ನು ನಮಗೆ ತೋರಿಸಲಿ. ಸಂಬಂಧಪಟ್ಟ ಎಲ್ಲರ ಮೇಲೂ ಕ್ರಮ ಆಗಲಿ. ಬೀದಿದೀಪವನ್ನೂ ನೋಡಲಿ. ನಮ್ಮ ತೆರಿಗೆಯಲ್ಲಿ ಸಂಬಳ ತೆಗೆದುಕೊಂಡು ‘ಮಳೆ ಜಾಸ್ತಿ’ ಅನ್ನಲು ಇವರಿಗೆ ನಾಚಿಕೆಯಾದರೂ ಬೇಡವೇ?

– ನೊಂದ ಗೃಹಿಣಿ, ನಿಟುವಳ್ಳಿ, ದಾವಣಗೆರೆ