ವಿಶ್ಲೇಷಕನ ಕುರ್ಚಿಗೆ ಹೊರಟ ಅಳಿಯನಿಗೆ

ಚಿರಂಜೀವಿ ಪುಟ್ಟುವಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಡೆನ್ವರ್‌ನಲ್ಲಿ ನಾವೆಲ್ಲರೂ ಕ್ಷೇಮ.

ಮಂಡಿಯ ಶಸ್ತ್ರಚಿಕಿತ್ಸೆ ಆದಮೇಲೆ ನೀನು ಕಬಡ್ಡಿ ಅಂಕಣಕ್ಕೆ ಮರಳುವುದಿಲ್ಲವೆಂದೂ, ಟಿ.ವಿ.ಯವರು ಕನ್ನಡದಲ್ಲಿ ಪಂದ್ಯದ ವಿಶ್ಲೇಷಣೆಗೆ ಕರೆದಿದ್ದಾರೆಂದೂ ಅಕ್ಕ ಫೋನಿನಲ್ಲಿ ಹೇಳಿದಳು. ಆಡಲಾಗದವನು ಮಾತಾಡಲು ಹೋದ ಎಂದು ಜನ ಆಡಿಕೊಳ್ಳುತ್ತಾರೆಂಬ ಹಿಂಜರಿಕೆ ನಿನಗಂತೆ. ಆಡಿಕೊಳ್ಳುವವರು ನೀನು ಮನೆಯಲ್ಲೇ ಕೂತರೂ ಆಡಿಕೊಳ್ಳುತ್ತಾರೆ. ನನ್ನ ಚಿಂತೆ ಅದಲ್ಲ, ಬೇರೆ. ಅದನ್ನು ಹೇಳಬೇಕಾದರೆ ಈ ಊರಿನವರು ಇವತ್ತಿಗೂ ತಮ್ಮವನೆಂದು ಹೇಳಿಕೊಳ್ಳುವ ಒಬ್ಬ ಆಟಗಾರನ ಕತೆ ಹೇಳಬೇಕು.

ಹೆಸರು ಟಾಮ್ ಜಾಕ್ಸನ್. ಹುಟ್ಟಿದ್ದು 1951ರಲ್ಲಿ, ಕ್ಲೀವ್‌ಲ್ಯಾಂಡ್‌ನಲ್ಲಿ. 1973ರಲ್ಲಿ ಡೆನ್ವರ್ ಬ್ರಾಂಕೋಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಆತನನ್ನು ಆರಿಸಿಕೊಂಡದ್ದು ನಾಲ್ಕನೆಯ ಸುತ್ತಿನಲ್ಲಿ, ಅಂದರೆ ದೊಡ್ಡ ಹೆಸರುಗಳೆಲ್ಲ ಬಿಕರಿಯಾದ ಮೇಲೆ. ಆರಡಿಗೆ ಒಂದು ಅಂಗುಲ ಕಡಿಮೆ ಎತ್ತರ. ಆತ ಆಡುತ್ತಿದ್ದ ಲೈನ್‌ಬ್ಯಾಕರ್ ಸ್ಥಾನಕ್ಕೆ ಅದು ಕುಳ್ಳೇ. ಆದರೂ ಒಂದೇ ತಂಡಕ್ಕೆ 14 ಋತುಗಳಲ್ಲಿ 191 ಪಂದ್ಯ ಆಡಿದ.

ಲೈನ್‌ಬ್ಯಾಕರ್ ಎಂದರೆ ಯಾರೆಂದು ನಿನಗೆ ಒಂದೇ ಮಾತಿನಲ್ಲಿ ತಿಳಿಯುತ್ತದೆ: ಅವನು ನಿಮ್ಮ ಕಾರ್ನರ್ ಡಿಫೆಂಡರ್ ಇದ್ದ ಹಾಗೆ. ಎದುರಾಳಿ ಹೆಜ್ಜೆ ಇಡುವ ಮೊದಲೇ ಆ ಹೆಜ್ಜೆಯನ್ನು ಓದಬೇಕು. ಚೆಂಡು ಹೊರಡುವ ಮುನ್ನ ಎದುರಿನ ಸಾಲಿನ ಭಾರಿ ಆಳುಗಳು ಒಂದು ಕೈಯನ್ನು ನೆಲಕ್ಕೆ ಊರಿ ಬಗ್ಗಿರುತ್ತಾರೆ. ಆ ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದರೆ ಮೈಭಾರವೆಲ್ಲ ಮುಂದಕ್ಕೆ ಬಿದ್ದಿದೆ, ಚೆಂಡು ಹಿಡಿದು ನುಗ್ಗುತ್ತಾರೆ. ಕೈ ಹಗುರವಾಗಿ ನೆಲಕ್ಕೆ ತಾಗಿದ್ದರೆ ಹಿಂದಕ್ಕೆ ಸರಿದು ನಿಲ್ಲುತ್ತಾರೆ, ಚೆಂಡು ಗಾಳಿಯಲ್ಲಿ ಹೋಗುತ್ತದೆ. ಒಳ್ಳೆಯ ಲೈನ್‌ಬ್ಯಾಕರ್ ಇದನ್ನು ನೋಡಿ ಆಗಲೇ ಕಾಲು ಕಿತ್ತಿರುತ್ತಾನೆ. ನೀನು ಮೈಕಿನ ಮುಂದೆ ಹೇಳಬೇಕಾದದ್ದೂ ಇಂಥದ್ದನ್ನೇ. ರೈಡರ್ ಔಟಾದ ಎನ್ನುವುದನ್ನು ಮನೆಯಲ್ಲಿ ಕೂತ ಅಜ್ಜಿಯೂ ಕಂಡಿರುತ್ತಾಳೆ. ಅವನ ಯಾವ ಕಾಲಿನ ಮೇಲೆ ಭಾರ ಬಿದ್ದಾಗ ಕಾರ್ನರ್ ಆಂಕಲ್ ಹೋಲ್ಡ್‌ಗೆ ಇಳಿದ ಎನ್ನುವುದು ನಿನಗೆ ಮಾತ್ರ ಗೊತ್ತು. ನಿನಗೆ ಸಂಬಳ ಕೊಡುವುದು ಅದಕ್ಕೆ.

1977ರಲ್ಲಿ ಬ್ರಾಂಕೋಸ್ ರಕ್ಷಣಾ ಪಡೆಗೆ ಅಂಗಿಯ ಬಣ್ಣದಿಂದ ‘ಆರೆಂಜ್ ಕ್ರಶ್’ ಎಂಬ ಹೆಸರಿತ್ತು. 14 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 148 ಅಂಕ. ಅಕ್ಟೋಬರ್‌ನಲ್ಲಿ ಹಾಲಿ ಚಾಂಪಿಯನ್ ಓಕ್ಲೆಂಡ್ ತಂಡವನ್ನು ಅದರ ಊರಿನಲ್ಲೇ 30–7ರಿಂದ ಬಡಿದಾಗ, ಜಾಕ್ಸನ್ ಎದುರಾಳಿ ಕೋಚ್ ಜಾನ್ ಮ್ಯಾಡನ್‌ನತ್ತ ತಿರುಗಿ, ‘ಮುಗಿಯಿತು ದಪ್ಪಣ್ಣ, ಎಲ್ಲ ಮುಗಿಯಿತು’ ಎಂದು ಕೂಗಿದ್ದ. ತಮಾಷೆಯೆಂದರೆ, ಆ ದಪ್ಪಣ್ಣನೇ ಮುಂದೆ ಆ ಆಟದ ಅತ್ಯಂತ ಪ್ರಸಿದ್ಧ ವೀಕ್ಷಕ ವಿವರಣೆಗಾರನಾದ. ಇಂದು ಬೈದವನ ಪಕ್ಕದಲ್ಲೇ ನಾಳೆ ಕುರ್ಚಿ ಹಾಕಿಕೊಂಡು ಕೂರಬೇಕಾದೀತು, ನೆನಪಿಟ್ಟುಕೋ.

ಆ ವರ್ಷ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತಲುಪಿ ಡಲ್ಲಾಸ್‌ಗೆ 27–10ರಿಂದ ಸೋತರು. ಒಂಬತ್ತು ವರ್ಷಗಳ ನಂತರ, 1987ರ ಜನವರಿಯಲ್ಲಿ, ಮತ್ತೆ ಅಲ್ಲಿಗೆ ಹೋಗಿ ನ್ಯೂಯಾರ್ಕ್ ಜೈಂಟ್ಸ್‌ಗೆ 39–20ರಿಂದ ಸೋತರು. ಅದೇ ಜಾಕ್ಸನ್‌ನ ಕೊನೆಯ ಪಂದ್ಯ. ಒಮ್ಮೆಯೂ ಸೂಪರ್ ಬೌಲ್ ಗೆಲ್ಲದವನು ಅದೇ ವರ್ಷ ಇಎಸ್‌ಪಿಎನ್ ಎಂಬ ಕ್ರೀಡಾ ವಾಹಿನಿ ಸೇರಿದ. ಕ್ರಿಸ್ ಬರ್ಮನ್ ಜೊತೆ ಭಾನುವಾರ ಸಂಜೆ ಆತ ನಡೆಸುತ್ತಿದ್ದ ಕಾರ್ಯಕ್ರಮಕ್ಕೆ ನಮ್ಮ ಬೀದಿಯಲ್ಲಿ ಎಲ್ಲ ಮನೆಗಳೂ ಕಾದು ಕೂರುತ್ತಿದ್ದವು. ಬೇರೆ ಊರುಗಳ ಪಂದ್ಯಗಳ ತುಣುಕುಗಳನ್ನು ನೋಡಲು ಆಗ ಇಂಟರ್‌ನೆಟ್ ಇರಲಿಲ್ಲವಲ್ಲ. ಆತ ಕಿರುಚುತ್ತಿರಲಿಲ್ಲ. ಸೋತವನ ಬಗ್ಗೆ ಮಾತಾಡುವಾಗ ದನಿಯಲ್ಲಿ ಒಂದು ಮರ್ಯಾದೆ ಇರುತ್ತಿತ್ತು.

ಇನ್ನು ನನ್ನ ಚಿಂತೆಗೆ ಬರುತ್ತೇನೆ. 2003ರ ಸೆಪ್ಟೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್, ಋತು ಶುರುವಾಗುವ ಕೆಲವೇ ದಿನ ಮೊದಲು ಲಾಯರ್ ಮಿಲೊಯ್ ಎಂಬ ಹಿರಿಯ ಆಟಗಾರನನ್ನು ತಂಡದಿಂದ ಕೈಬಿಟ್ಟ. ಮಿಲೊಯ್ ಬಫಲೊ ತಂಡ ಸೇರಿದ, ಆ ಬಫಲೊ ಮೊದಲ ಪಂದ್ಯದಲ್ಲೇ ಪೇಟ್ರಿಯಟ್ಸ್ ತಂಡವನ್ನು 31–0ರಿಂದ ಮಣಿಸಿತು. ಮುಂದಿನ ಭಾನುವಾರ ಜಾಕ್ಸನ್ ಟಿ.ವಿ.ಯಲ್ಲಿ, ಸ್ಪಷ್ಟವಾಗಿ ಹೇಳುತ್ತೇನೆಂದು ಪೀಠಿಕೆ ಹಾಕಿಯೇ, ಪೇಟ್ರಿಯಟ್ಸ್ ಆಟಗಾರರು ತಮ್ಮ ಕೋಚ್‌ನನ್ನು ದ್ವೇಷಿಸುತ್ತಾರೆ ಎಂದುಬಿಟ್ಟ. ಆ ತಂಡ ಅದೇ ದಿನ ಗೆದ್ದಿತು. ಋತುವಿನ ಕೊನೆಯ ಲೀಗ್ ಪಂದ್ಯದಲ್ಲಿ ಅದೇ ಬಫಲೊ ಮೇಲೆ ಅದೇ 31–0 ಅಂತರವನ್ನು ತಿರುಗಿಸಿ ಕೊಟ್ಟಿತು. ಸೂಪರ್ ಬೌಲ್ ಕೂಡ ಅವರದ್ದೇ ಆಯಿತು. ಗೆದ್ದ ರಾತ್ರಿ ಜಾಕ್ಸನ್ ಚಾಚಿದ ಕೈಗೆ ಬೆಲಿಚಿಕ್ ಕೊಟ್ಟದ್ದು ಇಲ್ಲಿ ಬರೆಯಲಾಗದ ಒಂದು ಬೈಗುಳ. ರಕ್ಷಣೆಯ ಸಾಲು ಎಲ್ಲಿ ಒಡೆಯಿತು ಎಂದು ಹೇಳಲು ಜಾಕ್ಸನ್‌ಗಿಂತ ಯೋಗ್ಯರು ಆ ಮೇಜಿನಲ್ಲಿ ಇರಲಿಲ್ಲ. ಆದರೆ ಐವತ್ತು ಮೂರು ಜನರ ಎದೆಯೊಳಗೆ ಏನಿದೆಯೆಂದು ಸ್ಟುಡಿಯೋದಲ್ಲಿ ಕೂತು ಹೇಳುವುದು ಯಾರಿಂದಲೂ ಆಗದು.

ಎರಡು ವಾರದ ನಂತರ ಅದೇ ಮೇಜಿನಲ್ಲಿ ಇದರ ತದ್ವಿರುದ್ಧ ನಡೆಯಿತು. ರೇಡಿಯೊದಲ್ಲಿ ರಾಜಕೀಯ ಮಾತಾಡಿ ಹೆಸರಾದ ರಶ್ ಲಿಂಬಾನನ್ನು ವಾಹಿನಿ ಆ ವರ್ಷ ಕರೆತಂದು ಕೂರಿಸಿತ್ತು. ಫಿಲಡೆಲ್ಫಿಯಾದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಡಾನವನ್ ಮೆಕ್‌ನ್ಯಾಬ್‌ಗೆ ಅರ್ಹತೆ ಮೀರಿದ ಹೊಗಳಿಕೆ ಸಿಗುತ್ತಿದೆ, ಕಪ್ಪು ಕ್ವಾರ್ಟರ್‌ಬ್ಯಾಕ್ ಒಬ್ಬ ಯಶಸ್ವಿಯಾಗಲೆಂದು ಮಾಧ್ಯಮದವರು ಬಯಸುತ್ತಿದ್ದಾರೆ ಎಂಬ ಅರ್ಥದ ಮಾತನ್ನು ಅವನಾಡಿದ. ಆಟದ ಲೆಕ್ಕದಲ್ಲಿ ವಾದ ನಡೆಯಿತೇ ಹೊರತು, ಬಣ್ಣದ ಮಾತನ್ನು ಅಲ್ಲಿಯೇ ಯಾರೂ ತಡೆಯಲಿಲ್ಲ, ಸ್ವತಃ ಕಪ್ಪು ಜನಾಂಗದ ಜಾಕ್ಸನ್ ಕೂಡ. ಗದ್ದಲವೆದ್ದು ಲಿಂಬಾ ರಾಜೀನಾಮೆ ಕೊಟ್ಟ. ಆ ವ್ಯಕ್ತಿ ಈ ಕಾರ್ಯಕ್ರಮಕ್ಕೆ ತಕ್ಕವನಲ್ಲ, ಅವನನ್ನು ತಂದ ನಿರ್ಧಾರ ನಮ್ಮದಲ್ಲ ಎಂದು ಜಾಕ್ಸನ್ ಹೇಳಿದ್ದು ಮುಂದಿನ ಭಾನುವಾರ. ಗಟ್ಟಿಯಾಗಿ, ಚೆನ್ನಾಗಿಯೇ ಹೇಳಿದ. ಒಂದು ವಾರ ತಡವಾಗಿತ್ತು, ಅಷ್ಟೆ.

ನೇರ ಪ್ರಸಾರದಲ್ಲಿ ಯೋಚಿಸಲು ಸಮಯವಿರುವುದಿಲ್ಲವೆಂದು ನೀನು ಹೇಳಬಹುದು. ಅದಕ್ಕೇ ಈಗ ಬರೆಯುತ್ತಿದ್ದೇನೆ. ನಿನ್ನ ಜೊತೆ ಒಂದೇ ಕೋಣೆಯಲ್ಲಿ ಮಲಗೆದ್ದ ಹುಡುಗರು ಇನ್ನೂ ಆಡುತ್ತಿದ್ದಾರೆ. ಯಾರಿಗೆ ಯಾವ ಕೋಚ್ ಕಂಡರಾಗದು ಎಂಬುದು ನಿನಗೆ ಗೊತ್ತು. ಟಿ.ವಿ.ಯವರು ನಗುನಗುತ್ತಲೇ ಅದನ್ನು ನಿನ್ನ ಬಾಯಿಂದ ಹೊರಡಿಸಲು ನೋಡುತ್ತಾರೆ. ಕೊಡಬೇಡ, ಸುಳಿವನ್ನೂ ಬಿಡಬೇಡ. ಆದರೆ ಪಕ್ಕದವನು ಒಬ್ಬ ಆಟಗಾರನ ಜಾತಿಯನ್ನೋ ಊರನ್ನೋ ಎತ್ತಿ ಹಗುರವಾಗಿ ಮಾತಾಡಿದರೆ ಆ ಕ್ಷಣವೇ ಬಾಯಿ ತೆರೆ. ಜಾಹೀರಾತಿನ ವಿರಾಮ ಬರಲೆಂದು ಕಾಯಬೇಡ.

ಜಾಕ್ಸನ್ ನಡೆಸಿಕೊಡುತ್ತಿದ್ದ ‘ಜ್ಯಾಕ್ಡ್ ಅಪ್’ ಎಂಬ ಭಾಗ ನನಗೆಂದೂ ಹಿಡಿಸಲಿಲ್ಲ. ವಾರದ ಅತಿ ಜೋರಿನ ಡಿಕ್ಕಿಗಳನ್ನು ಒಂದಾದ ಮೇಲೊಂದು ತೋರಿಸಿ, ಮೇಜಿನವರೆಲ್ಲ ಒಟ್ಟಿಗೆ ಕೂಗುತ್ತಿದ್ದರು. ಆಗ ಮಕ್ಕಳಿಗೆ ಅದೇ ಅತಿ ಪ್ರಿಯ. ತಲೆಪೆಟ್ಟಿನ ವಿಷಯ ದೊಡ್ಡದಾದ ಮೇಲೆ ಅದು ಕಣ್ಮರೆಯಾಯಿತು. ಮಯಾಮಿಯ ನಿಕ್ ಬುವೊನಿಕಾಂಟಿಯೂ ಲೈನ್‌ಬ್ಯಾಕರ್ ಆಗಿದ್ದು ಟಿ.ವಿ.ಗೆ ಬಂದವನೇ, ತಲೆಪೆಟ್ಟುಗಳಿಂದ ತನ್ನ ಮಿದುಳಿಗಾದ ಹಾನಿಯ ಬಗ್ಗೆ ಬಹಿರಂಗವಾಗಿ ಮಾತಾಡಿ, 2017ರಲ್ಲಿ ಆ ಮಿದುಳನ್ನೇ ಸಂಶೋಧನೆಗೆ ಕೊಡುವುದಾಗಿ ಘೋಷಿಸಿದ. ಕಬಡ್ಡಿಯಲ್ಲಿ ಯಾರಾದರೂ ಮಂಡಿ ಹಿಡಿದುಕೊಂಡು ಅಂಕಣದಲ್ಲಿ ಬಿದ್ದರೆ ‘ಎಂಥ ಟ್ಯಾಕಲ್’ ಎಂದು ಅಬ್ಬರಿಸುವ ಮೊದಲು ನಿನ್ನ ಮಂಡಿಯ ಹೊಲಿಗೆಯನ್ನು ಒಮ್ಮೆ ಮುಟ್ಟಿಕೋ.

ಈ ಎಡವಟ್ಟುಗಳೆಲ್ಲ ಇದ್ದೂ ಜಾಕ್ಸನ್ 2016ರವರೆಗೆ ಆ ಕುರ್ಚಿಯಲ್ಲಿದ್ದ. 2015ರಲ್ಲಿ ಪ್ರಸಾರಕರಿಗೆ ಕೊಡುವ ಪೀಟ್ ರೋಝೆಲ್ ಪ್ರಶಸ್ತಿಯೂ ಬಂತು. ಆಟಗಾರನಾಗಿ ಹಾಲ್ ಆಫ್ ಫೇಮ್ ಎಂಬ ಶ್ರೇಷ್ಠರ ಸಾಲಿಗೆ ಸೇರಲಿಲ್ಲ. ಪಕ್ಕದಲ್ಲಿ ಆಡಿದ ರ್‍ಯಾಂಡಿ ಗ್ರಾಡಿಶರ್‌ಗೂ ಆ ಗೌರವ ಸಿಕ್ಕಿದ್ದು 2024ರಲ್ಲಿ.

ಕರಾರಿಗೆ ಸಹಿ ಹಾಕುವ ಮುನ್ನ ಭಾವನಿಗೆ ಓದಿಸು. ಒಂದೇ ಋತುವಿಗೋ ಮುಂದಕ್ಕೂ ಇದೆಯೋ, ಅದನ್ನು ಬರಹದಲ್ಲೇ ಕೇಳು. ಪದವಿಯ ಬಾಕಿ ಪರೀಕ್ಷೆಗಳನ್ನು ಮೇ ತಿಂಗಳೊಳಗೆ ಮುಗಿಸು. ಮೊದಲ ಪಂದ್ಯದ ಧ್ವನಿಮುದ್ರಣ ಕಳಿಸು, ತಪ್ಪು ಹುಡುಕಿ ಕಳಿಸುತ್ತೇನೆ. ಹೊಗಳಲು ನಿನ್ನ ಅತ್ತೆ ಇದ್ದಾಳೆ.

ಅಕ್ಕ, ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಮಾವ